ಗೇಟು ತೆಗೆದ ಮೇಲೆ

ಆತಂಕಪಡುವುದೂ ಒಂದು ಕಸುಬೇ. ರಜೆಯಿಲ್ಲ, ನಿವೃತ್ತಿಯಿಲ್ಲ, ಮನೆಯವರ ಮೆಚ್ಚುಗೆಯಂತೂ ಇಲ್ಲವೇ ಇಲ್ಲ. ಹೆಂಡತಿ ಸುಮನಾಳಿಗೆ ಹೃದಯದ ಶಸ್ತ್ರಚಿಕಿತ್ಸೆಯಾದಂದಿನಿಂದ ಈ ಕಸುಬಿನಲ್ಲಿ ನನಗೆ ಬಡ್ತಿಯ ಮೇಲೆ ಬಡ್ತಿ. ಎಲ್ಲ ಸರಿಹೋಗಿದೆ, ಮೊದಲಿನಂತೆ ಓಡಾಡಲಿ ಎಂದು ನಮ್ಮ ಡಾಕ್ಟರು ಹೇಳಿದ ಮೇಲೂ, ಇಂಗ್ಲೆಂಡಿನ ಲೀಡ್ಸಿನಲ್ಲಿ, ಹೆಡಿಂಗ್ಲೀಯ ನಮ್ಮ ಮನೆಯಲ್ಲಿ ಅವಳು ಕೆಟಲ್ ಎತ್ತಿದರೆ ನಾನು ಕೈ ಅಡ್ಡ ಹಿಡಿಯುತ್ತಿದ್ದೆ. ಒಬ್ಬಳೇ ಬಸ್ಸಿನಲ್ಲಿ ಪೇಟೆಗೆ ಹೋಗುತ್ತೇನೆಂದರೆ ಎದೆನೋವು ನನಗೇ ಬರುತ್ತಿತ್ತು.

ಅಂಥವಳು ಆಫ್ರಿಕಾಕ್ಕೆ ಹೋಗೋಣವೆಂದಳು. ಮೊಜಾಂಬಿಕ್‌ನ ಒಂದು ಕಾಡು. ಯುದ್ಧಕ್ಕೂ ಬೇಟೆಗೂ ಸಿಕ್ಕಿ ಬರಿದಾದದ್ದು ಈಗ ಮತ್ತೆ ತುಂಬಿಕೊಂಡಿದೆಯಂತೆ. ಆಸ್ಪತ್ರೆಯ ಹಾಸಿಗೆಯಲ್ಲಿ ಅದರ ಬಗ್ಗೆ ಓದಿದ್ದಳು. ಬೇಡವೆನ್ನಲು ನನ್ನಲ್ಲಿ ನೂರು ಕಾರಣಗಳಿದ್ದವು. ಅವಳ ಮುಖ ನೋಡಿ ಎರಡು ಟಿಕೆಟು ತೆಗೆಸಿದೆ.

ಆ ಕಾಡಿನಲ್ಲಿ ಮೊದಲ ಬೆಳಿಗ್ಗೆ, ದೂರ ಪ್ರಯಾಣಕ್ಕೆ ಮುನ್ನ ಮಂಗಳೂರಿನಲ್ಲಿ ಅಪ್ಪ ಮಾಡುತ್ತಿದ್ದಂತೆ, ಲಾಡ್ಜಿನ ಅಡುಗೆಯವರಿಂದ ಕೇಳಿ ತಂದ ನಿಂಬೆಹಣ್ಣುಗಳನ್ನು ಜೀಪಿನ ಚಕ್ರಗಳ ಕೆಳಗೆ ಗುಟ್ಟಾಗಿ ಇಟ್ಟೆ. ಅವನ್ನು ಅಪ್ಪಚ್ಚಿ ಮಾಡಿದ ಜೀಪು ಎರಡು ಮಾರು ಹೋಗಿ ನಿಂತಿತು. ಜೀಪು ನಡೆಸುತ್ತಿದ್ದ ಗೈಡ್ ಮಾರಿಯಾ ಇಳಿದು ಬಂದು ನೋಡಿದಳು. ಹೊರಗಿನ ಬೀಜ ಈ ಕಾಡಿನಲ್ಲಿ ಬೀಳುವಂತಿಲ್ಲ ಎಂದು ಮೆತ್ತಗೆ ಹೇಳಿ ನನ್ನ ಕೈಗೆ ಒಂದು ಚೀಲ ಕೊಟ್ಟಳು. ಸಿಂಹ ನೋಡಲು ಬಂದವನು ಮಣ್ಣಿನಲ್ಲಿ ಮಂಡಿಯೂರಿ ನಿಂಬೆಬೀಜ ಹೆಕ್ಕಿದೆ. ಸುಮನಾ ಜೀಪಿನ ಮೇಲಿಂದಲೇ, "ಅಲ್ಲೊಂದು ಉಂಟು ನೋಡಿ" ಎಂದು ಬೆರಳು ತೋರಿಸುತ್ತಿದ್ದಳು.

ಸಂಜೆ ನದಿಯಾಚೆ ಆನೆಗಳು ಬಂದವು. ಮಾರಿಯಾ ದನಿ ತಗ್ಗಿಸಿ ಅವುಗಳ ಕಥೆ ಹೇಳಿದಳು. ಬೇರೆ ಕಾಡುಗಳಿಂದ ಲಾರಿಗಳಲ್ಲಿ ತಂದು ಮೊದಲು ಬೇಲಿಯೊಳಗೆ ಇಟ್ಟಿದ್ದರಂತೆ. ನೆಲಕ್ಕೆ ಒಗ್ಗಿದವೆಂದು ಗೇಟು ತೆಗೆದಾಗ ಎಲ್ಲವೂ ಕಾಡಿನತ್ತ ಹೊರಟವು. ಒಂದು ಆನೆ ಮಾತ್ರ ತೆರೆದ ಗೇಟಿನ ಒಳಗೇ ನಿಂತುಬಿಟ್ಟಿತಂತೆ.

ಸುಮನಾ ಆನೆಗಳಿಂದ ಕಣ್ಣು ತೆಗೆಯದೆ ನನ್ನನ್ನು ಕೇಳಿದಳು: "ನನ್ನ ಗೇಟು ಯಾವಾಗ ತೆಗೀತೀರಿ, ಮಾರಾಯ್ರೆ?"

ಅದು ನಗುವ ಮಾತಾಗಿರಲಿಲ್ಲ. ನಾನು ನಗಲೂ ಇಲ್ಲ.

ಲೀಡ್ಸಿಗೆ ಮರಳಿದ ವಾರವೇ ಅವಳು ಒಬ್ಬಳೇ ಬಸ್ಸು ಹತ್ತಿದಳು. ಸುಳ್ಳೇಕೆ, ನನ್ನ ಜೇಬಿನಲ್ಲಿ ನಿಂಬೆಹಣ್ಣಿತ್ತು. ಡ್ರೈವರನ ಮುಖ ನೋಡಿ ಅದನ್ನು ಜೇಬಿನಲ್ಲೇ ಬಿಟ್ಟೆ. ಬಸ್ಸು ತಿರುವಿನಲ್ಲಿ ಮರೆಯಾಯಿತು. ಪೇಟೆ ಸುತ್ತಿ, ಕೈಯಲ್ಲಿ ಚೀಲ ಹಿಡಿದು ಅವಳು ವಾಪಸು ಬಂದಾಗ ನಾನು ನಮ್ಮ ಮನೆಯ ಪುಟ್ಟ ಗೇಟಿನ ಒಳಗೆ ನಿಂತಿದ್ದೆ. ಗೇಟು ಹಾರುಹೊಡೆದಿತ್ತು.

"ಇಷ್ಟು ಹೊತ್ತೂ ಇಲ್ಲೇ ಇದ್ರಾ?" ಎಂದಳು.

ಆ ಒಂಟಿ ಆನೆ ಕೊನೆಗೆ ಹೊರಗೆ ಬಂದಿತೇ ಎಂದು ಮಾರಿಯಾಳನ್ನು ಕೇಳುವುದನ್ನೇ ಮರೆತಿದ್ದೆ. ಈಗ ಅದೊಂದು ಚಿಂತೆ.