ಬೀಗರು ಮೆಚ್ಚಿದ ಬಿಳಿ ವೈನ್

ಎರ್ಸಿಲಿಯೊ ಮಾಡಿದ ತಪ್ಪು ಇಷ್ಟೇ. ಮೊಲದ ಮಾಂಸಕ್ಕೆ ನಾಲ್ಕು ಲಾರೆಲ್ ಎಲೆ ತಾ ಎಂದು ಹೆಂಡತಿ ಹೇಳಿದರೆ, ಈ ಮಹಾರಾಯ ಕೊಂಬೆಯನ್ನೇ ಮುರಿದು ತಂದ. ನೆಲಮಾಳಿಗೆಯ ತುಕ್ಕು ಹಿಡಿದ ಬೀಗ ತೆಗೆಯಲು ಎರಡೂ ಕೈ ಬೇಕಾಯಿತು. ಕೊಂಬೆಯನ್ನು ಬಾಗಿಲ ಮೇಲಿನ ಮೊಳೆಗೆ ಸಿಕ್ಕಿಸಿ ಒಳಗೆ ಹೋದವನು ಅದನ್ನು ಮರೆತೇಬಿಟ್ಟ.

ರೋಮ್ ಪಕ್ಕದ ನಮ್ಮ ಫ್ರಸ್ಕಾಟಿ ಊರಲ್ಲಿ ಹೆಂಡತಿಯ ಹುಟ್ಟುಹಬ್ಬ ಮರೆತರೂ ನಡೆದೀತು, ಇದನ್ನು ಮರೆಯಬಾರದು. ಬಾಗಿಲಲ್ಲಿ ಲಾರೆಲ್ ಕೊಂಬೆ ತೂಗಿದರೆ ‘ಹೊಸ ವೈನ್ ತೆರೆದಿದ್ದೇವೆ, ಬನ್ನಿ’ ಎಂದೇ ಅರ್ಥ. ತಿನ್ನುವುದನ್ನು ಬರುವವರೇ ಕಟ್ಟಿಕೊಂಡು ಬರುತ್ತಾರೆ. ಸಾಲದ್ದಕ್ಕೆ ಅವತ್ತು ಮೇ ಒಂದು. ಅರ್ಧ ರೋಮ್ ನಗರವೇ ಅವರೆಯಂಥ ಹಸಿ ಫಾವಾ ಕಾಯಿ, ಕುರಿಹಾಲಿನ ಚೀಸ್ ಗಂಟು ಕಟ್ಟಿಕೊಂಡು ನಮ್ಮ ಗುಡ್ಡ ಹತ್ತುವ ದಿನ.

ಒಳಗೆ ಎರ್ಸಿಲಿಯೊ ತನ್ನ ಪೀಪಾಯಿಯನ್ನು ಮಗುವಿನಂತೆ ತಡವುತ್ತಿದ್ದ. ತಾನೇ ನೆಟ್ಟ ಬಳ್ಳಿ, ತಾನೇ ಹಿಂಡಿದ ರಸ. ಮಗಳು ಓರ್ನೆಲ್ಲಾಳ ಮದುವೆಗೆಂದೇ ಮಾಡಿದ್ದು. ಆದರೆ ಬೀಗರು ಗಾಲ್ದಿನೊ ಒರ್ವಿಯೆಟೊ ಎಂಬ ಇನ್ನೊಂದು ವೈನ್ ಊರಿನವರು. ಉಂಗುರ ಬದಲಿಸಿದ ದಿನವೇ, “ಫ್ರಸ್ಕಾಟಿ ವೈನಾ? ಅದರಲ್ಲಿ ನಾವು ಲೋಟ ತೊಳೀತೀವಿ. ಮದುವೆಗೆ ನಮ್ಮೂರಿನದೇ ಬರ್ಲಿ” ಎಂದುಬಿಟ್ಟಿದ್ದರು. ಹೆಣ್ಣಿನ ಅಪ್ಪನ ಅಂಗಳದಲ್ಲಿ ಪರವೂರಿನ ವೈನ್! ಎರ್ಸಿಲಿಯೊ ಊಟ ನಿದ್ದೆ ಬಿಟ್ಟ. ಕೊನೆಗೆ ಓರ್ನೆಲ್ಲಾ ಅತ್ತೂ ಕರೆದೂ ರಾಜಿ ಮಾಡಿಸಿದಳು. ಇವತ್ತು ಬೀಗರು ಊಟಕ್ಕೆ ಬರುತ್ತಾರೆ. ಎರ್ಸಿಲಿಯೊನ ವೈನ್ ಕುಡಿದು ತಲೆದೂಗಿದರೆ ಮದುವೆಗೆ ಅದೇ, ಇಲ್ಲವಾದರೆ ಒರ್ವಿಯೆಟೊದ್ದು.

ಹೊರಗೆ ಏನೋ ಗದ್ದಲ ಕೇಳಿ ಬಂದು ನೋಡಿದರೆ, ಅಂಗಳದ ತುಂಬ ಜನ ಕಾಯಿ ಸುಲಿಯುತ್ತ ಕೂತಿದ್ದಾರೆ.

“ಯಜಮಾನ್ರೇ, ಎಲ್ಲಿ ಜಗ್ಗು? ಗಂಟಲು ಒಣಗ್ತಿದೆ!”

“ಇದು ಅಂಗಡಿ ಅಲ್ರಪ್ಪಾ, ಮನೆ!”

“ಮನೆ ಆದ್ರೆ ಇನ್ನೂ ಒಳ್ಳೇದಾಯ್ತು, ಲೋಟನಾದ್ರೂ ಸರಿಯಾಗಿ ತೊಳೆದಿರ್ತೀರ.”

ಎರ್ಸಿಲಿಯೊಗೆ ಆಗ ಕೊಂಬೆಯ ನೆನಪಾಯಿತು. ಕಿತ್ತು ಬಿಸಾಡಿದ. ಎದುರುಮನೆಯ ಪಾಲ್ಮಿರಾ ಅಜ್ಜಿ ‘ಪಾಪ, ಗಾಳಿಗೆ ಬಿದ್ದಿದೆ’ ಎಂದು ಅದನ್ನು ಎತ್ತಿ, ಕೆಂಪು ಟೇಪು ಸುತ್ತಿ, ಇನ್ನೂ ಎತ್ತರಕ್ಕೆ ಕಟ್ಟಿದಳು.

“ಅಜ್ಜೀ, ಬಿಚ್ಚು ಅದನ್ನ! ಆ ವೈನು ಬೀಗರಿಗೆ ಅಂತ ಇಟ್ಟಿರೋದು!”

“ಕೊಂಬೆ ಕಟ್ಟಿ ಕರೆದು, ಬಂದೋರನ್ನ ಒಣಗಂಟಲಲ್ಲಿ ಕಳಿಸ್ತೀಯೇನೋ? ನಿಮ್ಮಪ್ಪ ಇದ್ದಿದ್ರೆ ಮೂತಿಗೆ ತಿವೀತಿದ್ದ.”

ಅಂಗಳದವರೆಲ್ಲ ಹೌದು ಹೌದು ಎಂದರು. ಇಬ್ಬರು ಆಗಲೇ ಎದ್ದು ನೆಲಮಾಳಿಗೆಯ ಕಡೆ ಹೊರಟರು. ಎರ್ಸಿಲಿಯೊ ಅವರಿಗೆ ಅಡ್ಡ ನಿಂತ. “ತರ್ತೀನಿ, ಕೂತ್ಕೊಳ್ಳಿ!” ಎಂದು ಅಡುಗೆಮನೆಯ ಹಿಂದಿನ ಉಗ್ರಾಣಕ್ಕೆ ನುಗ್ಗಿದ. ಅಲ್ಲಿ ಹೆಂಡತಿ ಅರ್ಜಿಯಾ ಅಡುಗೆಗೆಂದು ಸೂಪರ್ ಮಾರ್ಕೆಟ್ಟಿನಿಂದ ತಂದಿಟ್ಟ ಬಾಟಲಿಗಳಿದ್ದವು. ಹೆಸರು ನೋಡುವ ಪುರುಸೊತ್ತು ಯಾರಿಗಿತ್ತು? ದಡಬಡ ಜಗ್ಗಿಗೆ ಸುರಿದು ತಂದ. ಒಂದು ಗುಟುಕಿಗೇ ಮೂತಿ ಸಿಂಡರಿಸಿಕೊಂಡು ಎಲ್ಲರೂ ಎದ್ದು ಹೋಗುತ್ತಾರೆ ಎಂಬುದು ಅವನ ಲೆಕ್ಕಾಚಾರ.

“ಆಹಾಹಾ!” ಎಂದ ಒಬ್ಬ. “ಇದಪ್ಪಾ ಮನೇಲಿ ಮಾಡಿದ್ದು ಅಂದ್ರೆ!”

“ಆ ಸೂಪರ್ ಮಾರ್ಕೆಟ್ಟಿನೋರು ಬಂದು ಇಲ್ಲಿ ಕಲೀಬೇಕು,” ಎಂದಳು ಪಾಲ್ಮಿರಾ ಅಜ್ಜಿ, ಎರಡನೇ ಲೋಟ ಮುಗಿಸುತ್ತ.

ಹೊಗಳಿಕೆ ಬೀದಿಗೆ ಕೇಳಿ ಇನ್ನಷ್ಟು ಜನ ಬಂದರು. ಅವರ ಹಿಂದೆಯೇ, ಟೋಪಿ ಕೈಯಲ್ಲಿ ಹಿಡಿದು ಬೀಗರು ಗಾಲ್ದಿನೊ ಬಂದರು. ಎರ್ಸಿಲಿಯೊ ಪೀಪಾಯಿಯ ಕಡೆ ಓಡುವಷ್ಟರಲ್ಲಿ ಅಜ್ಜಿ ಅವರ ಕೈಗೆ ಲೋಟ ತುರುಕಿಯಾಗಿತ್ತು.

“ಬೀಗರೇ, ಅದು ಬೇಡ! ನಿಮಗೆ ಅಂತ ಬೇರೆ...”

ಗಾಲ್ದಿನೊ ಒಂದು ಕಾಳು ಜಗಿದು, ಚೀಸ್ ಕಚ್ಚಿ, ಒಂದು ಗುಟುಕು ಕುಡಿದರು. ಕಣ್ಣು ಮುಚ್ಚಿ ಇನ್ನೊಂದು ಗುಟುಕು.

“ಕಾಳಿನ ಕಹಿಗೂ ಚೀಸಿನ ಉಪ್ಪಿಗೂ ಹೇಳಿ ಮಾಡಿಸಿದ ಹಾಗಿದೆ. ನಾನು ಸೋತೆ ಬೀಗರೇ. ಮದುವೆಗೆ ಇದೇ ಬರ್ಲಿ, ಒಂದು ತೊಟ್ಟೂ ಬೇರೇದು ಬೇಡ. ನಮ್ಮೋರು ತಲೆಕೆಳಗಾಗಿ ನಿಂತ್ರೂ ಇಂಥದ್ದು ಮಾಡೋಕಾಗಲ್ಲ!”

ಎಲ್ಲರೂ ಚಪ್ಪಾಳೆ ತಟ್ಟಿದರು. ಅಡುಗೆಯ ವೈನ್ ಕುಡಿಸಿದೆ ಎಂದು ಅಷ್ಟು ಜನರ ಮುಂದೆ ಹೇಳುವ ಧೈರ್ಯ ಎರ್ಸಿಲಿಯೊಗೆಲ್ಲಿ? ಆದರೂ ಮನಸ್ಸು ತಡೆಯಲಿಲ್ಲ. ಪೀಪಾಯಿಯಿಂದ ಒಂದು ಲೋಟ ತಂದು, “ಇದನ್ನೂ ಸ್ವಲ್ಪ ನೋಡಿ” ಎಂದ.

ಗಾಲ್ದಿನೊ ಬಾಯಿಗೆ ಹಾಕಿಕೊಂಡು, ಅತ್ತ ತಿರುಗಿ ಹೂವಿನ ಕುಂಡಕ್ಕೆ ಉಗಿದರು. ಎರ್ಸಿಲಿಯೊನ ಹೆಗಲ ಮೇಲೆ ಕೈಹಾಕಿ ಮೆಲ್ಲಗೆ ಹೇಳಿದರು: “ನಮ್ಮೋರು ಅಂತ ಹೇಳ್ತೀನಿ, ಇದನ್ನ ಯಾರಿಗೂ ಕೊಡ್ಬೇಡಿ. ಮೊಲಕ್ಕೆ ಸುರೀರಿ.”

ಎರ್ಸಿಲಿಯೊಗೆ ಅಳುವೇ ಬಂತು. ಅಡುಗೆಮನೆಗೆ ಹೋಗಿ ಹೆಂಡತಿಯ ಮುಂದೆ ನಿಂತ.

“ಅರ್ಜಿಯಾ, ನಿನ್ನ ಅಡುಗೆ ಬಾಟಲೀನೇ ಒಪ್ಪಿಬಿಟ್ರು ಕಣೇ. ಇನ್ನು ಅದನ್ನೇ ಗುಟ್ಟಾಗಿ ತರಿಸ್ಬೇಕು. ಹೋಗ್ಲಿ ಬಿಡು, ನನ್ನದಲ್ಲದಿದ್ರೂ ನಮ್ಮೂರ ವೈನಾದ್ರೂ ಗೆದ್ದಿತಲ್ಲ. ಮಾನ ಉಳೀತು.”

ಅರ್ಜಿಯಾ ಸೌಟು ಕೆಳಗಿಟ್ಟಳು.

“ನಮ್ಮೂರದು ಅಂತ ಯಾರು ಹೇಳಿದ್ರು ನಿನಗೆ? ಅಗ್ಗಕ್ಕೆ ಸಿಕ್ತು, ಅಡುಗೆಗೆ ಸಾಕು ಅಂತ ತಂದಿದ್ದು. ಅದು ಒರ್ವಿಯೆಟೊದ್ದು.”

ಎರ್ಸಿಲಿಯೊ ಖಾಲಿ ಬಾಟಲಿ ಎತ್ತಿ ಚೀಟಿ ಓದಿದ. ಅಂಗಳದಿಂದ ಗಾಲ್ದಿನೊ ಕೂಗಿದರು: “ಬೀಗರೇ, ಇನ್ನೊಂದು ಜಗ್ಗು! ಎಲ್ರೂ ಫ್ರಸ್ಕಾಟಿಗೆ ಜೈ ಅನ್ರಪ್ಪಾ!”