ಪಾಚಿ ಎಣ್ಣೆಯ ಮೊದಲ ಇಳುವರಿ

ಹೆಂಡತಿ ಬೈದದ್ದಕ್ಕೆ ಮೇಷ್ಟ್ರಿಗೆ ಕೋಪ ಬಂದಿರಲಿಲ್ಲ. ಅದು ದಿನಾ ಇದ್ದದ್ದೇ. ಕೋಪ ಬಂದದ್ದು ಅವಳು ಗಡುವು ಕೊಟ್ಟದ್ದಕ್ಕೆ. ತಾರಸಿಯ ತೊಟ್ಟಿಯಲ್ಲಿ ಮೂರು ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದ ಪಾಚಿಯನ್ನು ಆಕೆ 'ಕೊಳೆ' ಅಂದುಬಿಟ್ಟಿದ್ದಳು.

"ಇವತ್ತು ಸಂಜೆಯೊಳಗೆ ಎಣ್ಣೆ ಬಂದ್ರೆ ಸರಿ. ಇಲ್ಲಾಂದ್ರೆ ನಾನೇ ಬ್ರಷ್ ತಗೊಂಡು ತೊಟ್ಟಿ ಉಜ್ಜಿಬಿಡ್ತೀನಿ."

"ಲೋಕಕ್ಕೆ ನಾಳಿನ ಇಂಧನ ಕಣೇ ಅದು!"

"ಲೋಕಕ್ಕೆ ಆಮೇಲೆ ಕೊಡೀರಂತೆ. ಮೊದಲು ನನಗೆ ಪಾತ್ರೆ ತೊಳೆಯೋಕೆ ನೀರು ಕೊಡಿ."

(ಮೂವತ್ತು ವರ್ಷ ರಸಾಯನಶಾಸ್ತ್ರ ಬೋಧಿಸಿದವರಿಗೆ ಮನೆಯಲ್ಲಿ ಸಿಗುವ ಮರ್ಯಾದೆ ಇಷ್ಟೇ.)

ತಣ್ಣನೆಯ ದ್ರಾವಕದಲ್ಲಿ ಪಾಚಿ ನೆನೆಸಿ, ಹನಿ ಎಣ್ಣೆಯೂ ಬಾರದೆ ಎರಡು ಸಲ ಕೈ ಸುಟ್ಟುಕೊಂಡಿದ್ದರು. ಈಗ ಬಿಸಿ ದ್ರಾವಕವೇ ಗತಿ. ಹಿತ್ತಲಲ್ಲಿ ಯಂತ್ರ ಪ್ರತಿಷ್ಠಾಪನೆಯಾಯಿತು. ಬಿಸಿನೀರಿನ ಪಾತ್ರೆಯಲ್ಲಿ ದ್ರಾವಕದ ಗಾಜಿನ ಬುರುಡೆ, ಅದರ ಮೇಲೆ ಪಾಚಿಪುಡಿ ತುಂಬಿದ ಬಟ್ಟೆಯ ಚೀಲ, ಅದಕ್ಕೂ ಮೇಲೆ ತಣ್ಣೀರಿನ ಕೊಳವೆ. ಆವಿ ಮೇಲೇರಿ, ತಣಿದು, ಹನಿಹನಿಯಾಗಿ ಚೀಲದ ಮೇಲೆ ಬಿದ್ದು, ಎಣ್ಣೆಯನ್ನು ಕರಗಿಸಿಕೊಂಡು ಕೆಳಗಿಳಿಯಬೇಕು. ಐದು ಗಂಟೆ ಸ್ಟೂಲಿನ ಮೇಲೆ ಕೂತು ಮೇಷ್ಟ್ರ ಸೊಂಟ ಸೆಟೆದುಹೋಯಿತು. ಕೊನೆಗೆ ದ್ರಾವಕವನ್ನೆಲ್ಲ ಬಟ್ಟಿ ಇಳಿಸಿ ತೆಗೆದರೆ, ತಳದಲ್ಲಿ ಭರ್ತಿ ಎರಡು ಚಮಚ ಎಣ್ಣೆ!

"ಬಾರೇ ಇಲ್ಲಿ! ನಿನ್ನ ಕೊಳೆ ಏನು ಕೊಟ್ಟಿದೆ ನೋಡು!"

ಅವಳು ಬಗ್ಗಿ ಮೂಸಿದಳು. "ರೀ, ಇದು ಕರಿದ ಎಣ್ಣೆ ವಾಸನೆ. ಚೀಲ ಯಾವ ಬಟ್ಟೇಲಿ ಹೊಲಿದ್ರಿ?"

"ಒಲೆ ಹಿಂದೆ ನೇತಾಡ್ತಿತ್ತಲ್ಲ, ಒಳ್ಳೆ ದಪ್ಪದ್ದು. ಅರ್ಧ ಕತ್ತರಿಸಿಕೊಂಡೆ."

"ಅಯ್ಯೋ ನನ್ನ ಕರ್ಮವೇ! ಕರಿದದ್ದನ್ನೆಲ್ಲ ಹರಡೋ ಬಟ್ಟೆ ಅದು! ನಾಲ್ಕು ವರ್ಷದ ಜಿಡ್ಡು ಕೈಗೆ ಹತ್ತಲಿಲ್ವಾ?"

"ಪಾಚಿಯ ಸತ್ವ ಅಂದ್ಕೊಂಡೆ."

ಆದರೂ ಮೇಷ್ಟ್ರು ಜಗ್ಗಲಿಲ್ಲ. ಎಣ್ಣೆ ಪಾಚಿಯದೇ ಎಂದು ಗಂಟಲು ಹರಿಯುವಂತೆ ವಾದಿಸಿದರು. ಅವಳು ಒಳಗೆ ಹೋಗಿ ಉಳಿದ ಅರ್ಧ ಬಟ್ಟೆ ತಂದು ಮುಂದೆ ಹಿಡಿದಳು.

"ನಾಳೆ ಪಾಚಿ ಹಾಕದೆ ಬರೀ ಇದನ್ನ ಇಟ್ಟು ನೋಡಿ. ಅಲ್ಲೀವರೆಗೆ ತೊಟ್ಟಿ ಮುಟ್ಟಲ್ಲ."

ಮೇಷ್ಟ್ರಿಗೆ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಇಂಥ ತಾಳೆ ನೋಡದ ಹುಡುಗರಿಗೆ ಅವರೇ ಸೊನ್ನೆ ಹಾಕುತ್ತಿದ್ದರು. ಮರುದಿನ ಮಧ್ಯಾಹ್ನ ಫಲಿತಾಂಶ ಬಂತು: ಎರಡೂವರೆ ಚಮಚ. ಪಾಚಿ ಇಲ್ಲದೆಯೇ ಎಣ್ಣೆ ಜಾಸ್ತಿ ಬಂದಿತ್ತು!

ಸಂಜೆಯ ಹೊತ್ತಿಗೆ ತೊಟ್ಟಿ ಥಳಥಳ ಹೊಳೆಯಿತು. ಮೂರು ತಿಂಗಳ ತಪಸ್ಸು ಮೋರಿಯಲ್ಲಿ ಹರಿದುಹೋಗುವುದನ್ನು ನೋಡುತ್ತ ಮೇಷ್ಟ್ರು ಮೆಟ್ಟಿಲ ಮೇಲೆ ಕೂತಿದ್ದರು. ಸಂಕಟವಾಯಿತು, ನಿಜಕ್ಕೂ. ಅಷ್ಟರಲ್ಲಿ ಎದುರುಮನೆಯಾಕೆ ಗೇಟು ತಳ್ಳಿಕೊಂಡು ಒಳಗೆ ಬಂದಳು. ಜಿಡ್ಡೆಲ್ಲ ಬಿಟ್ಟು ಅಚ್ಚಬಿಳಿಯಾಗಿ ತಂತಿಯ ಮೇಲೆ ಒಣಗುತ್ತಿದ್ದ ಆ ಎರಡು ಬಟ್ಟೆತುಂಡುಗಳನ್ನು ಆಕೆ ತನ್ನ ತಾರಸಿಯಿಂದಲೇ ನೋಡಿಬಿಟ್ಟಿದ್ದಳು. ಕಂಕುಳಲ್ಲಿ ಒಂದು ದೊಡ್ಡ ಗಂಟು.

"ಮೇಷ್ಟ್ರೇ, ಎಲ್ಲಾ ಅಡುಗೆಮನೆ ಬಟ್ಟೆಗಳೇ. ಬುಧವಾರಕ್ಕೆ ಕೊಡ್ತೀರಾ?"

ತಾವೊಬ್ಬ ವಿಜ್ಞಾನಿ ಎಂದು ತಿಳಿಸಲು ಮೇಷ್ಟ್ರು ಬಾಯಿ ತೆರೆದರು. ಆದರೆ ಮೇಲಿನಿಂದ ಹೆಂಡತಿಯ ದನಿ ಮೊದಲೇ ಬಂತು, ಅದರಲ್ಲಿ ಹಿಂದೆಂದೂ ಇರದ ಹೆಮ್ಮೆ:

"ಬುಧವಾರ ಆಗಲ್ಲ ಕಣ್ರೀ, ನಮ್ಮ ಮನೆ ಪರದೆಗಳೇ ಇನ್ನೂ ಬಾಕಿ ಇವೆ. ಗಂಟು ಅಲ್ಲೇ ಇಟ್ಟು ಹೋಗಿ, ಶುಕ್ರವಾರಕ್ಕೆ ಮಾಡಿಕೊಡ್ತಾರೆ."