ಮಾವನ ಕೆಂಪು ಬಂಗಾರ

ನನ್ನ ಸೋದರಮಾವ ಜೀವನದಲ್ಲಿ ಒಂದೂ ಸುಳ್ಳು ಹೇಳಿದವರಲ್ಲ. ತೊಂದರೆ ಕೊಟ್ಟದ್ದು ಅವರು ಹೇಳಿದ ನಿಜಗಳೇ! ಇಳಕಲ್ಲಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ, ಹುನಗುಂದದಲ್ಲಿ ನಡೆದ ನನ್ನ ಅಕ್ಕನ ನಿಶ್ಚಿತಾರ್ಥದಲ್ಲಿ, ಒಡವೆ ನೋಡುತ್ತಿದ್ದ ಬೀಗರಿಗೆ, "ಖರೆ ಹೇಳಬೇಕಂದ್ರ ಬಂಗಾರದ ಬಣ್ಣ ಕೆಂಪು ಇರ್ತದ್ರಿ," ಎಂದುಬಿಟ್ಟರು.

ಬೀಗರು ಅಪ್ಪನ ಕಡೆ ತಿರುಗಿ, "ತಾಮ್ರ ಎಷ್ಟು ಕೂಡಿಸೀರಿ?" ಎಂದು ಕೇಳಿದರು. ಒಡವೆಯನ್ನೆಲ್ಲ ಪತ್ತಾರರ ಅಂಗಡಿಗೆ ಒಯ್ದು ಒರೆಗಲ್ಲಿಗೆ ತಿಕ್ಕಿ ತೋರಿಸುವ ತನಕ ಯಾರೂ ಊಟಕ್ಕೆ ಕೂರಲಿಲ್ಲ.

"'ಭಾಳ ಸಣ್ಣ ಕಣ ಆದಾಗ' ಅಂತ ಹೇಳೂದ್ರಾಗ ಎದ್ದುಬಿಟ್ರು," ಎಂದು ಮಾವ ಇಳಕಲ್ಲಿಗೆ ಮರಳುವ ದಾರಿಯುದ್ದಕ್ಕೂ ಗೊಣಗಿದರು.

ಸಾಧಿಸಿ ತೋರಿಸದೆ ಬಿಡುತ್ತಾರೆಯೇ? ವಾರದೊಳಗೆ ಅತ್ತೆಯ ಮೂಗುತಿಯ ತಿರುಪು ಕಾಣೆಯಾಯಿತು. ಅವರ ಮನೆಯಲ್ಲಿದ್ದು ಮಾವನ ಕಾಲೇಜಿನಲ್ಲೇ ಓದುತ್ತಿದ್ದ ನಾನು ಮಂಚದ ಕೆಳಗೆಲ್ಲ ತಡಕಾಡಿದೆ. ಸಂಜೆ ಮಾವ ಒಂದು ಸೀಸೆ ತಂದರು. ಒಳಗೆ ದಾಳಿಂಬೆ ರಸದಂಥ ಕೆಂಪು ನೀರು.

"ನಿನ್ನ ತಿರುಪು ಇದರಾಗ ಐತಿ. ಆಸಿಡ್‌ನಾಗ ಕರಗಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಮಾಡೀನಿ. ಅವು ಹಸಿರು ಬೆಳಕ ಹಿಡಕೊಂಡು ಕೆಂಪು ಬಿಡ್ತಾವ."

"ತಗದು ಕೊಡ್ರಿ, ಹಾಕ್ಕೋತೇನಿ," ಎಂದರು ಅತ್ತೆ.

ತೆಗೆಯಲು ಬಂದರೆ ತಾನೆ? ಆ ಮೂಗುತಿಯನ್ನು ಅತ್ತೆಯ ತಾಯಿ ತೀರಿಕೊಳ್ಳುವ ಮೊದಲು ತಾವೇ ಬಿಚ್ಚಿ ಕೊಟ್ಟಿದ್ದರು. ಮಾವನಿಗೆ ಅದು ಗೊತ್ತಿರಲಿಲ್ಲ; ಅತ್ತೆ ಹೇಳಲೂ ಇಲ್ಲ. ಎರಡು ದಿನ ಬರಿ ಮೂಗಿನಲ್ಲೇ ರೊಟ್ಟಿ ಬಡಿದರು.

ಮೂರನೆಯ ದಿನ, ಹಾಲು ಒಡೆಯುವ ಹಾಗೆ ಇದೂ ಒಡೆದು ಬಂಗಾರ ತಳಕ್ಕೆ ಕೂತೀತೆಂದು, ಸೀಸೆಗೆ ಉಪ್ಪು ಹಾಕಿದರು. ಕೆಂಪು ನೀರು ನೋಡುನೋಡುತ್ತ ನೀಲಿಯಾಯಿತು. ಅಷ್ಟರಲ್ಲಿ ಮಾವ ಒಳಗೆ ಬಂದರು.

"ನಮ್ಮವ್ವಂದರಿ ಅದು," ಎಂದು ಅತ್ತೆ ಅಳತೊಡಗಿದರು.

ಮಾವ ಅತ್ತೆಯ ಪಕ್ಕದಲ್ಲಿ ನೆಲದ ಮೇಲೆ ಕೂತರು. "ನಂದ ತಪ್ಪಾತು," ಎಂದರು. ಆಮೇಲೆ, ತಡೆಯಲಾರದೆ, "ಉಪ್ಪ ಹಾಕಬೇಕಂತ ನಿನಗ ಹೆಂಗ ಹೊಳೀತು?"

ಮರುದಿನವೇ ಹೊಸ ತಿರುಪು ಮಾಡಿಸಿ ತಂದರು. ಮುಂದಿನ ವಾರ ಅತ್ತೆಯನ್ನೇ ನಮ್ಮ ತರಗತಿಗೆ ಕರೆತಂದರು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟಿದ್ದ ಅತ್ತೆ ತಲೆಯ ಮೇಲೆ ಸೆರಗು ಎಳೆದುಕೊಂಡು, ಕಾಲೇಜಿನಲ್ಲಿ ಉಳಿದಿದ್ದ ಕೆಂಪು ನೀರಿಗೆ ನಮ್ಮೆದುರು ಉಪ್ಪು ಹಾಕಿದರು. ಬಣ್ಣ ಯಾಕೆ ಬದಲಾಯಿತೆಂದು ಒಬ್ಬಳು ಕೇಳಿದಳು.

"ಬಿಡಿಬಿಡಿ ಇದ್ದಾಗ ಹಸಿರು ಹಿಡೀತಿದ್ವು," ಎಂದರು ಅತ್ತೆ, ನಿಧಾನವಾಗಿ. "ಉಪ್ಪ ಬಿದ್ದ ಮ್ಯಾಲ ಒಂದಕ್ಕೊಂದು ಹತ್ತಿಕೊಂಡ್ವು. ಈಗ ಕೆಂಪು ಹಿಡಕೊಂಡು ನೀಲಿ ಬಿಡ್ತಾವ."

ನನ್ನ ಹಿಂದಿನ ಬೆಂಚಿನಲ್ಲಿ ಹುಡುಗರ ನಡುವೆ ಕೂತಿದ್ದ ಮಾವ ಮುಂದೆ ಬಾಗಿ ಪಿಸುಗುಟ್ಟಿದರು: "ಬರಕೋ ಬೇ, ನಿಮ್ಮತ್ತಿ ಹೇಳಾಕತ್ತಾಳ."